ಗೇಲಿಗೆ ಗುರಿಯಾದ ಕೋಟು

1922ನೆಯ ಇಸವಿಯ ವಸಂತಕಾಲದಲ್ಲಿ ಟಿಬೆಟ್ಟಿನ ಬಯಲುದಾರಿಯನ್ನು ತುಳಿಯುತ್ತ ಎವರೆಸ್ಟಿನತ್ತ ಸಾಗಿದ್ದ ಆಂಗ್ಲರ ತಂಡದಲ್ಲಿ ರಸಾಯನಶಾಸ್ತ್ರಜ್ಞನೊಬ್ಬನಿದ್ದನು. ಹೆಸರು ಜಾರ್ಜ್ ಇಂಗಲ್ ಫಿಂಚ್. ಹುಟ್ಟಿದ್ದು ಆಸ್ಟ್ರೇಲಿಯದಲ್ಲಿ, ಓದಿದ್ದು ಸ್ವಿಟ್ಜರ್ಲೆಂಡಿನಲ್ಲಿ, ಅಧ್ಯಾಪಕನಾದದ್ದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ. ಸಂಗಡಿಗರೆಲ್ಲ ಟ್ವೀಡ್ ಕೋಟು, ಕೈಹೆಣಿಗೆಯ ಸ್ವೆಟರು, ಕುತ್ತಿಗೆಗೆ ಉದ್ದನೆಯ ಮಫ್ಲರು, ಕಾಲಿಗೆ ಸುತ್ತಿದ ಉಣ್ಣೆಯ ಪಟ್ಟಿ, ಹೀಗೆ ಸಭ್ಯ ಗೃಹಸ್ಥರಂತೆ ಕಾಣುತ್ತಿದ್ದರು. ಫಿಂಚನು ಮಾತ್ರ ಬೆಲೂನು ತಯಾರಿಸುವ ಬಟ್ಟೆಯಿಂದ ತಾನೇ ಆಲೋಚಿಸಿ ಹೊಲಿಸಿದ ವಿಚಿತ್ರವಾದ ನಿಲುವಂಗಿಯೊಂದನ್ನು ತೊಟ್ಟಿದ್ದನು. ಅದರೊಳಗೆ ಶೀತದೇಶದ ಬಾತುಕೋಳಿಯ ಎದೆಯ ಮೃದುವಾದ ತುಪ್ಪುಳವನ್ನು ತುಂಬಿ, ಹಾಸಿಗೆಗೆ ಹಾಕುವಂತೆ ಅಲ್ಲಲ್ಲಿ ಹೊಲಿಗೆ ಹಾಕಲಾಗಿತ್ತು. ಅದನ್ನು ತೊಟ್ಟು ನಿಂತರೆ ಮನುಷ್ಯನಿಗಿಂತ ಉಬ್ಬಿದ ದಿಂಬಿಗೇ ಹೆಚ್ಚು ಹೋಲಿಕೆ. ಸಂಗಡಿಗರು ಮನಸಾರೆ ನಕ್ಕರು.

ನಗು ಬಹಳ ದಿನ ಉಳಿಯಲಿಲ್ಲ. ಟಿಬೆಟ್ಟಿನ ಪ್ರಸ್ಥಭೂಮಿಯ ಗಾಳಿ ಬೀಸತೊಡಗಿದ ಮೇಲೆ ತನ್ನ ಕೋಟಿನ ಮೇಲೆ ಎಲ್ಲರಿಗೂ ಆಸೆ ಹುಟ್ಟಿದೆಯೆಂದೂ ಗೇಲಿ ನಿಂತುಹೋಗಿದೆಯೆಂದೂ ಫಿಂಚನು ತನ್ನ ದಿನಚರಿಯಲ್ಲಿ ತೃಪ್ತಿಯಿಂದ ಬರೆದುಕೊಂಡನು. ಆದರೂ ಈ ಕೋಟು ಕಲಿಸಿದ ಪಾಠವನ್ನು ಪರ್ವತಾರೋಹಿಗಳು ಒಪ್ಪಿಕೊಳ್ಳಲು ಅನೇಕ ವರ್ಷಗಳು ಹಿಡಿದುವು. ಆ ನಡುವೆ ಎಷ್ಟೋ ಬೆರಳುಗಳು, ಪಾದಗಳು, ಕೆಲವು ಪ್ರಾಣಗಳು ಹಿಮಕ್ಕೆ ಬಲಿಯಾದವು.

ಉಡುಪು ಬೆಚ್ಚಗಿಡುತ್ತದೆ ಎಂದು ನಾವು ವಾಡಿಕೆಯಲ್ಲಿ ಹೇಳುತ್ತೇವೆ. ಆದರೆ ಉಡುಪಿನೊಳಗೆ ಕೆಂಡವೇನೂ ಇಲ್ಲವಷ್ಟೆ. ಬಿಸಿಯೆಲ್ಲ ನಾವು ಉಂಡ ಅನ್ನದ್ದು, ನಮ್ಮ ದೇಹದ್ದು. ಅದು ಹೊರಗೆ ಸೋರಿಹೋಗದಂತೆ ಅಡ್ಡಗಟ್ಟುವುದಷ್ಟೇ ಉಡುಪಿನ ಕೆಲಸ. ಆ ಕೆಲಸವನ್ನು ಬಟ್ಟೆಗಿಂತಲೂ ಚೆನ್ನಾಗಿ ಮಾಡುವುದು ಬಟ್ಟೆಯ ನಡುವೆ ಸಿಕ್ಕಿಕೊಂಡು ಅಲುಗಾಡದೆ ನಿಂತ ಗಾಳಿ. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ ಅಜ್ಜಿ ಹೊಲಿದ ಕೌದಿ, ಅದೇ ತೂಕದ ಒಂದೇ ದಪ್ಪ ಜಮಖಾನಕ್ಕಿಂತ ಹೆಚ್ಚು ಬೆಚ್ಚಗಿರುವುದು ಈ ಕಾರಣದಿಂದಲೇ. ಬಾತುಕೋಳಿಯ ತುಪ್ಪುಳದ ಒಂದೊಂದು ಎಳೆಯೂ ನೂರಾರು ಸೂಕ್ಷ್ಮ ಎಳೆಗಳಾಗಿ ಕವಲೊಡೆದು, ಹಿಡಿಯಷ್ಟು ತೂಕದಲ್ಲಿ ಮೊರದಷ್ಟು ಗಾಳಿಯನ್ನು ಹಿಡಿದಿಡುತ್ತದೆ. ಫಿಂಚನು ಬಟ್ಟೆಯನ್ನು ಹೊತ್ತುಕೊಂಡು ಹೋಗಲಿಲ್ಲ, ಗಾಳಿಯನ್ನು ಹೊದ್ದುಕೊಂಡು ಹೋದನೆಂದರೆ ತಪ್ಪಾಗಲಾರದು.

ಈ ನಿಶ್ಚಲವಾದ ಗಾಳಿಗೆ ಇಬ್ಬರು ವೈರಿಗಳು. ಒಂದು, ಹೊರಗಿನ ಬಿರುಗಾಳಿ. ಅದು ನೇಯ್ಗೆಯ ಸಂದುಗಳಿಂದ ನುಗ್ಗಿ ಒಳಗಿನ ಬೆಚ್ಚನೆಯ ಗಾಳಿಯನ್ನು ಕಿತ್ತುಕೊಂಡು ಹೋಗುತ್ತದೆ. ಎರಡು, ನೀರು. ಮಳೆಯ ನೀರೇ ಆಗಬೇಕೆಂದಿಲ್ಲ. ಏರುವಾಗ ಸುರಿದ ಬೆವರು ಸಾಕು. ಹತ್ತಿಯ ಬಟ್ಟೆ ನೆನೆದರೆ ಮೈಗೆ ಅಂಟಿಕೊಂಡು, ದೇಹದ ಶಾಖವನ್ನೇ ಕುಡಿದು ಆರತೊಡಗುತ್ತದೆ. ತುಪ್ಪುಳವೂ ನೆನೆದರೆ ಮುದ್ದೆಯಾಗಿ ಕೆಲಸಕ್ಕೆ ಬಾರದಂತಾಗುತ್ತದೆ. ಉಣ್ಣೆಯ ಗುಣ ಬೇರೆ. ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಎಳೆಗಳೊಳಗೆ ಹೀರಿಕೊಂಡರೂ ಅದು ಮೈಗೆ ಒದ್ದೆಯೆನಿಸುವುದಿಲ್ಲ. ಮಲೆನಾಡಿನ ರೈತರು ಆಷಾಢದ ಜಡಿಮಳೆಯಲ್ಲಿ ತಲೆಯ ಮೇಲೆ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕುರುಬರು ನೇಯ್ದು, ಹುಣಸೆಬೀಜದ ಸರಿ ಹಾಕಿ ಬಿಗಿಮಾಡಿದ ಆ ಕರಿಯ ಕಂಬಳಿಗೆ ಯಾವ ಪ್ರಯೋಗಶಾಲೆಯ ಪ್ರಮಾಣಪತ್ರವೂ ಇರಲಿಲ್ಲ, ನಿಜ. ಅದರ ಹಿಂದಿನ ವಿಜ್ಞಾನವಂತೂ ಸರಿಯಾಗಿಯೇ ಇತ್ತು.

ಮತ್ತೆ ಫಿಂಚನ ಕಥೆಗೆ ಬರೋಣ. ಆ ವರ್ಷದ ಮೇ ತಿಂಗಳ ಕೊನೆಯಲ್ಲಿ ಆತನು ಜೆಫ್ರಿ ಬ್ರೂಸ್ ಎಂಬ ಸೈನ್ಯಾಧಿಕಾರಿಯನ್ನೂ ತೇಜಬೀರ್ ಎಂಬ ಗೂರ್ಖಾ ಯೋಧನನ್ನೂ ಕರೆದುಕೊಂಡು ಮೇಲೇರಿದನು. ಬ್ರೂಸನು ಅದುವರೆಗೆ ಒಂದು ಪರ್ವತವನ್ನೂ ಹತ್ತಿದವನಲ್ಲ. ಸುಮಾರು 25,500 ಅಡಿ ಎತ್ತರದಲ್ಲಿ ಪುಟ್ಟ ಗುಡಾರ ಹೂಡಿದ ರಾತ್ರಿಯೇ ಬಿರುಗಾಳಿ ಎದ್ದಿತು. ಗುಡಾರವು ಮೂವರೊಡನೆ ಹಾರಿಹೋಗಿ ಕೆಳಗಿನ ಹಿಮನದಿಗೆ ಬೀಳದಂತೆ ರಾತ್ರಿಯೆಲ್ಲ ಅದರ ಅಂಚುಗಳನ್ನು ಮೈಭಾರದಿಂದ ಒತ್ತಿಹಿಡಿಯಬೇಕಾಯಿತು. ಮರುದಿನವೂ ಅಲ್ಲಿಯೇ ಸೆರೆ. ಎರಡನೆಯ ರಾತ್ರಿ ಕೈಕಾಲು ಮರಗಟ್ಟುತ್ತ ಬಂದಾಗ ಫಿಂಚನಿಗೆ ಆಮ್ಲಜನಕದ ಸಿಲಿಂಡರುಗಳ ನೆನಪಾಯಿತು. ಮೂವರೂ ಸರದಿಯ ಮೇಲೆ ಸೇವಿಸಿದರು. ಮೈಯಲ್ಲಿ ಬಿಸಿ ಮರಳಿತು. ದೇಹವೆಂಬ ಒಲೆ ಉರಿಯಲು ಗಾಳಿ ಬೇಕಷ್ಟೆ! ಗಾಳಿ ತೆಳುವಾದ ಎತ್ತರದಲ್ಲಿ ಒಲೆಯೇ ಮಂದವಾಗುವುದರಿಂದ ಎಂಥ ಉಡುಪೂ ಅರ್ಧ ಕೆಲಸವನ್ನಷ್ಟೇ ಮಾಡಬಲ್ಲುದು.

ಮರುದಿನ ತೇಜಬೀರನು ದಣಿದು ಹಿಂದಿರುಗಿದ ಮೇಲೆ ಉಳಿದಿಬ್ಬರು ಸುಮಾರು 27,300 ಅಡಿಯವರೆಗೆ ಹೋದರು. ಅಷ್ಟು ಎತ್ತರಕ್ಕೆ ಅದುವರೆಗೆ ಯಾವ ಮನುಷ್ಯನೂ ಕಾಲಿಟ್ಟಿರಲಿಲ್ಲ. ಬ್ರೂಸನ ಆಮ್ಲಜನಕದ ಯಂತ್ರ ಕೆಟ್ಟುಹೋಗಿ ಹಿಂದಿರುಗಬೇಕಾಯಿತು. ಇಳಿದು ಬಂದಾಗ ಬ್ರೂಸನ ಪಾದಗಳಿಗೆ ಹಿಮಕಡಿತವಾಗಿತ್ತು.

ಇಷ್ಟಾದ ಮೇಲೆ 1924ರ ತಂಡದಲ್ಲಿ ಫಿಂಚನಿಗೆ ಮೊದಲ ಸ್ಥಾನ ಸಿಕ್ಕಬೇಕಾಗಿತ್ತು. ಸಿಕ್ಕಲಿಲ್ಲ. ಉಪನ್ಯಾಸಗಳಿಂದ ಬಂದ ಹಣದ ವಿಷಯದಲ್ಲಿ ಎವರೆಸ್ಟ್ ಸಮಿತಿಯೊಡನೆ ಆತನಿಗೆ ಜಗಳವಾಗಿತ್ತು. ಮಾತು ಒರಟು, ಯಾರ ಮುಲಾಜೂ ಇಲ್ಲದ ಸ್ವಭಾವ. ತಪ್ಪೆಲ್ಲ ಸಮಿತಿಯದೇ ಎಂದು ನಾನು ಹೇಳಲಾರೆ. ಆದರೆ ಮನುಷ್ಯನೊಡನೆ ಆತನ ಕೋಟನ್ನೂ ಹೊರಗಿಟ್ಟದ್ದು ವಿವೇಕವೆನಿಸುವುದಿಲ್ಲ. ಆ ವರ್ಷ ಆಮ್ಲಜನಕವಿಲ್ಲದೆ 28,126 ಅಡಿ ತಲಪಿದ ನಾರ್ಟನ್ ತಾನು ಉಟ್ಟುತೊಟ್ಟದ್ದನ್ನೆಲ್ಲ ಬರೆದಿಟ್ಟಿದ್ದಾನೆ: ಉಣ್ಣೆಯ ಒಳಅಂಗಿ, ಫ್ಲಾನೆಲ್ ಶರ್ಟು, ಎರಡು ಸ್ವೆಟರು, ಅದರ ಮೇಲೆ ಗಾಳಿ ತಡೆಯುವ ಗ್ಯಾಬರ್ಡೀನ್ ಸೂಟು, ಕಾಲಿಗೆ ಕಾಶ್ಮೀರದ ಪಟ್ಟಿ, ತಲೆಗೆ ಮೋಟಾರ್ ಸೈಕಲ್ ಸವಾರರ ತೊಗಲಿನ ಟೊಪ್ಪಿಗೆ. ತುಪ್ಪುಳದ ಸುಳಿವಿಲ್ಲ. ಇಂಥ ವೇಷದ ತಂಡವೊಂದರ ಭಾವಚಿತ್ರವನ್ನು ನೋಡಿದ ಬರ್ನಾರ್ಡ್ ಷಾ, ಅಯರ್ಲೆಂಡಿನಲ್ಲಿ ವನಭೋಜನಕ್ಕೆ ಹೊರಟವರನ್ನು ಹಿಮಪಾತ ಬಂದು ಹಿಡಿದಂತಿದೆಯೆಂದು ಹಾಸ್ಯ ಮಾಡಿದ್ದನಂತೆ.

ಆ ಕಾಲದ ಬೂಟುಗಳದು ಇನ್ನೊಂದು ಕಥೆ. ಮಂಜುಗಡ್ಡೆಯ ಮೇಲೆ ಜಾರದಿರಲೆಂದು ತೊಗಲಿನ ಅಟ್ಟೆಗೆ ಕಬ್ಬಿಣದ ಮೊಳೆಗಳನ್ನು ಹೊಡೆಯುತ್ತಿದ್ದರು. ಹಿಡಿತವೇನೋ ಸಿಕ್ಕುತ್ತಿತ್ತು, ಆದರೆ ಒಂದೊಂದು ಮೊಳೆಯೂ ಹಿಮದ ಚಳಿಯನ್ನು ನೇರವಾಗಿ ಅಂಗಾಲಿಗೆ ತಂದು ಮುಟ್ಟಿಸುವ ಕಾಲುವೆಯಾಗುತ್ತಿತ್ತು. 1935ರಲ್ಲಿ ಆಲ್ಪ್ಸ್ ಪರ್ವತದಲ್ಲಿ ಆರು ಮಂದಿ ಸಂಗಾತಿಗಳನ್ನು ಕಳೆದುಕೊಂಡ ವಿಟಾಲೆ ಬ್ರಮಾನಿ ಎಂಬ ಇಟಲಿಯವನು ಆ ದುಃಖದಲ್ಲಿ ಕುಳಿತು ಯೋಚಿಸಿ, ಮೊಳೆಯ ಬದಲು ಆಳವಾದ ಕಚ್ಚುಗಳುಳ್ಳ ರಬ್ಬರಿನ ಅಟ್ಟೆಯನ್ನು ರೂಪಿಸಿದನು. ಇಂದು ನಮ್ಮ ಹುಡುಗರು ಬೆಟ್ಟಕ್ಕೆ ಹಾಕಿಕೊಂಡು ಹೋಗುವ ಬೂಟುಗಳ ಅಡಿಯಲ್ಲಿ ಕಾಣುವುದು ಅದರ ಸಂತತಿಯೇ.

1924ರ ತಂಡದಲ್ಲಿ ಬೂಟುಗಳನ್ನು ದುರಸ್ತಿ ಮಾಡಲೆಂದೇ ಮಾನಬಹಾದುರನೆಂಬ ಮೋಚಿಯೊಬ್ಬನಿದ್ದನು. ದೊರೆಗಳ ಕಾಲು ಬೆಚ್ಚಗಿರಲೆಂದು ಹೊಲಿದುಕೊಟ್ಟ ಆತನ ಎರಡು ಪಾದಗಳೂ ಹಿಮಕ್ಕೆ ಸಿಕ್ಕಿ ಕಣಕಾಲಿನವರೆಗೆ ಸತ್ತುಹೋದವು. ಬದುಕಿದ್ದರೂ ಎರಡು ಪಾದಗಳೂ ಉಳಿಯುತ್ತಿರಲಿಲ್ಲ, ಆತನು ಬದುಕಲಿಲ್ಲ. ತಂಡದವರು ಹಿಂದಿರುಗುವ ಮೊದಲು ಬುಡದ ಬಿಡಾರದಲ್ಲಿ ಕಲ್ಲುಗುಪ್ಪೆಯೊಂದನ್ನು ನಿಲ್ಲಿಸಿ ಮಡಿದವರ ಹೆಸರುಗಳನ್ನು ಕೆತ್ತಿದರು. ಮ್ಯಾಲರಿ, ಅರ್ವಿನ್ನರ ಹೆಸರುಗಳೊಡನೆ ಮಾನಬಹಾದುರನ ಹೆಸರೂ ಅಲ್ಲಿತ್ತು. ಮ್ಯಾಲರಿಯ ಮೇಲೆ ಪುಸ್ತಕಗಳು ಇಂದಿಗೂ ಬರುತ್ತಿವೆ. ಮೋಚಿಯ ಮೇಲೆ ಬರೆದವರು ನನಗೆ ಕಂಡಿಲ್ಲ.

ಪಾದದಂತೆಯೇ ಕೈ. 1950ರ ಜೂನ್ 3ರಂದು ಫ್ರಾನ್ಸಿನ ಮೋರಿಸ್ ಎರ್ಜಾಗ್ ಮತ್ತು ಲೂಯಿ ಲಾಷನಾಲ್ ಅನ್ನಪೂರ್ಣೆಯ ನೆತ್ತಿಯನ್ನು ಮುಟ್ಟಿದರು. 8,000 ಮೀಟರು ಮೀರಿದ ಶಿಖರವೊಂದನ್ನು ಮನುಷ್ಯನು ಏರಿದ್ದು ಅದೇ ಮೊದಲು. ಇಳಿಯುವಾಗ ಎರ್ಜಾಗನು ಬೆನ್ನಚೀಲವನ್ನು ಬಿಚ್ಚಲೆಂದು ಕೈಗವಸುಗಳನ್ನು ಕಳಚಿ ಪಕ್ಕಕ್ಕಿಟ್ಟನು. ಅವು ಉರುಳತೊಡಗಿದವು. ಇಳಿಜಾರಿನಲ್ಲಿ ಕಣ್ಣೆದುರೇ ಜಾರಿಹೋಗುತ್ತಿದ್ದ ಗವಸುಗಳನ್ನು ಆತನು ನೋಡುತ್ತ ನಿಂತನು. ಚೀಲದಲ್ಲಿ ಇನ್ನೊಂದು ಜೊತೆ ಕಾಲುಚೀಲಗಳಿದ್ದವು. ಅವನ್ನು ಕೈಗೆ ಹಾಕಿಕೊಂಡಿದ್ದರೆ ಬೆರಳುಗಳು ಉಳಿಯಬಹುದಿತ್ತು. ಆದರೆ ಎತ್ತರದ ತೆಳುಗಾಳಿ ಬುದ್ಧಿಗೂ ಮಂಕು ಕವಿಸುತ್ತದೆ. ಅಷ್ಟು ಸಣ್ಣ ಸಂಗತಿ ಆತನಿಗೆ ಹೊಳೆಯಲಿಲ್ಲ. ಆ ರಾತ್ರಿ ಶಿಬಿರದಲ್ಲಿ ಲಾಷನಾಲನ ಕಾಲಿಗೆ ರಕ್ತ ಹರಿಯಲೆಂದು ಗೆಳೆಯ ತೆರೇ ಹಗ್ಗದ ತುದಿಯಿಂದ ಗಂಟೆಗಟ್ಟಲೆ ಹೊಡೆದನು. ಪ್ರೀತಿಯಿಂದಲೇ ಹೊಡೆದದ್ದು, ಅಂದಿನ ಚಿಕಿತ್ಸೆಯೂ ಅದೇ. ಹಿಮ ಹಿಡಿದ ಅಂಗವನ್ನು ಹೊಡೆಯುವುದಿರಲಿ, ಉಜ್ಜಲೂ ಬಾರದು, ಮೈಬಿಸಿಗಿಂತ ತುಸು ಹೆಚ್ಚಿನ ಬೆಚ್ಚನೆಯ ನೀರಿನಲ್ಲಿ ಇಡಬೇಕು, ಮತ್ತೆ ಹೆಪ್ಪುಗಟ್ಟುವ ಭಯವಿದ್ದರೆ ಅದನ್ನೂ ಮಾಡಬಾರದು ಎಂದು ಇಂದಿನ ವೈದ್ಯರು ಹೇಳುತ್ತಾರೆ. ಎರ್ಜಾಗನು ಕೈಬೆರಳುಗಳನ್ನೂ ಕಾಲ್ಬೆರಳುಗಳನ್ನೂ ಕಳೆದುಕೊಂಡು ಊರು ಸೇರಿದನು; ಲಾಷನಾಲನಿಗೆ ಕಾಲ್ಬೆರಳೊಂದೂ ಉಳಿಯಲಿಲ್ಲ.

ನಮ್ಮವರೂ ಈ ಸುಂಕವನ್ನು ತೆತ್ತಿದ್ದಾರೆ. 1961ರಲ್ಲಿ ಗಢವಾಲದ ನೀಲಕಂಠ ಶಿಖರದ ಸಾಹಸದಲ್ಲಿ ಹಿಮಕಡಿತದಿಂದ ನರೇಂದ್ರ ಕುಮಾರರು ಕಾಲ್ಬೆರಳುಗಳನ್ನು ಕಳೆದುಕೊಂಡರು. ಆ ಕಾಲಿನಲ್ಲಿಯೇ ಅವರು 1964ರಲ್ಲಿ ನಂದಾದೇವಿಯ ತಂಡವನ್ನೂ 1977ರಲ್ಲಿ ಕಾಂಚನಗಂಗೆಯ ತಂಡವನ್ನೂ ಮುನ್ನಡೆಸಿದರೆಂಬುದನ್ನು ಓದಿದಾಗ ನಾವು ಮನೆಯಲ್ಲಿ ಚಳಿಗಾಲದ ಬೆಳಗ್ಗೆ ಎದ್ದೇಳಲು ಪಡುವ ಪಾಡು ನೆನೆದು ನಾಚಿಕೆಯಾಗುತ್ತದೆ.

1953ಕ್ಕೆ ಬರುವ ಹೊತ್ತಿಗೆ ಫಿಂಚನ ವಾದ ಗೆದ್ದಿತ್ತು. ಕರ್ನಲ್ ಹಂಟನ ತಂಡದ ಪ್ರತಿಯೊಬ್ಬ ಆರೋಹಿಗೂ ತುಪ್ಪುಳದ ಕೋಟು, ತುಪ್ಪುಳದ ಷರಾಯಿ, ಮೇಲೊಂದು ಗಾಳಿ ನುಗ್ಗದ ಹೊರಗವಚ. ಅತಿ ಎತ್ತರದ ಬೂಟುಗಳೊಳಗೆ ಸುಮಾರು ಒಂದು ಅಂಗುಲ ದಪ್ಪಕ್ಕೆ ಕಪೋಕ್ ಅರಳೆಯ ಹಾಸನ್ನು ಇಟ್ಟಿದ್ದರು. ಕಪೋಕ್ ಎಂದರೆ ಯಾವುದೋ ಅಪರೂಪದ ವಸ್ತುವಲ್ಲ. ನಮ್ಮ ಮನೆಗಳ ಹಾಸಿಗೆ ದಿಂಬುಗಳಲ್ಲಿ ತುಂಬುತ್ತಿದ್ದ ಬಿಳಿ ಬೂರುಗದ ಅರಳೆ.

ಅಷ್ಟಿದ್ದರೂ ಮೇ 29ರ ನಸುಕಿನಲ್ಲಿ ಒಂದು ಎಡವಟ್ಟು ಕಾದಿತ್ತು. ಸುಮಾರು 27,900 ಅಡಿ ಎತ್ತರದ ಗುಡಾರದಲ್ಲಿ ಬೆಳಗಿನ ನಾಲ್ಕು ಗಂಟೆಗೆ ಉಷ್ಣಮಾಪಕವು ಶೂನ್ಯಕ್ಕಿಂತ ಕೆಳಗೆ 27 ಡಿಗ್ರಿ ತೋರಿಸುತ್ತಿತ್ತು. ಹಿಲರಿಯು ರಾತ್ರಿ ಬೂಟುಗಳನ್ನು ಕಳಚಿಟ್ಟು ಮಲಗಿದ್ದನು. ಬೆಳಗ್ಗೆ ಅವು ಕಲ್ಲಿನಂತೆ ಹೆಪ್ಪುಗಟ್ಟಿದ್ದವು. ಒಲೆಯ ಉರಿಯ ಮೇಲೆ ಹಿಡಿದು, ತೊಗಲು ಕರಕಲಾಗುವ ವಾಸನೆ ಬರುವವರೆಗೆ ಕಾಯಿಸಿ ಮೆದುಮಾಡುವುದರಲ್ಲಿ ಎರಡು ಗಂಟೆಯ ಹೊತ್ತು ಕಳೆಯಿತು. ತೇನ್‌ಸಿಂಗನು ಬೂಟುಗಳನ್ನು ಬಿಚ್ಚದೆಯೇ ಮಲಗಿದ್ದನು. ಹಿಮದೊಡನೆ ಬಾಳಿದವನ ಜಾಣ್ಮೆ!

ತೇನ್‌ಸಿಂಗನ ಅಂದಿನ ಉಡುಪಿನ ವಿವರವನ್ನು ನಾನು ಎಷ್ಟು ಸಲ ಓದಿದರೂ ಬೇಸರವಾಗಿಲ್ಲ. ಬೂಟುಗಳು ಸ್ವಿಸ್ ತಂಡದವು. ಮೇಲಂಗಿಯೇ ಮೊದಲಾದ ಬಹುಭಾಗ ಆಂಗ್ಲರು ಕೊಟ್ಟದ್ದು. ಸ್ವೆಟರು ಡಾರ್ಜಿಲಿಂಗಿನ ಹಿಮಾಲಯನ್ ಕ್ಲಬ್ಬಿನ ಶ್ರೀಮತಿ ಹೆಂಡರ್ಸನ್ನರ ಕೊಡುಗೆ. ಟೊಪ್ಪಿಗೆ ಹಿಂದೊಮ್ಮೆ ಎವರೆಸ್ಟಿಗೆ ಕದ್ದು ಹೋಗಿದ್ದ ಡೆನ್ಮನ್ ಎಂಬ ಗೆಳೆಯನದು. ಕುತ್ತಿಗೆಯ ಕೆಂಪು ಸ್ಕಾರ್ಫ್ ಸ್ವಿಸ್ ಮಿತ್ರ ಲ್ಯಾಂಬರ್ಟನದು. ಹಿಂದಿನ ವರ್ಷ ಅವರಿಬ್ಬರೂ ಸೇರಿ ಶಿಖರದ ಸಮೀಪದವರೆಗೆ ಹೋಗಿ ಹಿಂದಿರುಗಿದ್ದರು. ಕಾಲುಚೀಲಗಳನ್ನು ಹೆಣೆದವಳು ಹೆಂಡತಿ ಆಂಗ್ ಲ್ಹಾಮು. ಬೆಳಗಿನ ಹನ್ನೊಂದೂವರೆ ಗಂಟೆಗೆ 29,000 ಅಡಿಗೂ ಮಿಗಿಲಾದ ಆ ನೆತ್ತಿಯ ಮೇಲೆ ನಿಂತದ್ದು ಇಬ್ಬರೇ ಆದರೂ, ಮನೆಯಲ್ಲಿ ಕುಳಿತು ಕಡ್ಡಿ ಆಡಿಸಿದವಳ ಕೈಯೂ ಅಲ್ಲಿಗೆ ತಲಪಿತ್ತು. (ನಮ್ಮ ಹಿರಿಯರು ಆ ಶಿಖರವನ್ನು ಗೌರೀಶಂಕರವೆಂದು ಕರೆಯುತ್ತಿದ್ದುದುಂಟು. ಗೌರೀಶಂಕರ ಬೇರೆಯೇ ಶಿಖರ, ಎವರೆಸ್ಟಿಗಿಂತ ಬಹಳ ಗಿಡ್ಡ.)

ಇನ್ನು ಫಿಂಚನೆಲ್ಲಿದ್ದನು ಎಂದು ವಾಚಕರು ಕೇಳಬಹುದು. ಆಶ್ಚರ್ಯವೆಂದರೆ ಆತನು ನಮ್ಮ ನೆರೆಯಲ್ಲಿಯೇ ಇದ್ದನು! 1952ರಿಂದ 1957ರವರೆಗೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕನಾಗಿದ್ದ ಆತನಿಗೆ, ತಾನು 31 ವರ್ಷಗಳ ಹಿಂದೆ ತೊಟ್ಟು ನಗೆಪಾಟಲಾದ ಉಡುಪಿನ ವಂಶಜವನ್ನೇ ತೊಟ್ಟು ಇಬ್ಬರು ಎವರೆಸ್ಟನ್ನು ಗೆದ್ದ ವಾರ್ತೆ ಬಂದಾಗ ವಯಸ್ಸು 64. ಆತನ ಇನ್ನೊಂದು ಹಟವಾಗಿದ್ದ ಆಮ್ಲಜನಕವೂ ಅವರ ಬೆನ್ನ ಮೇಲಿತ್ತು.

ಹಾಗೆಂದು ಟ್ವೀಡ್ ತೊಟ್ಟವರೆಲ್ಲ ಮೂಢರಾಗಿದ್ದರೆಂದು ನಾವು ನಗತೊಡಗಿದರೆ ಅದೂ ಅವಸರವೇ. ಮ್ಯಾಲರಿ ಮತ್ತು ಅರ್ವಿನ್ 1924ರ ಜೂನ್ 8ರ ಮಧ್ಯಾಹ್ನ ಮೋಡದಲ್ಲಿ ಮರೆಯಾದವರು ಮತ್ತೆ ಕಾಣಲಿಲ್ಲ. 75 ವರ್ಷಗಳ ಮೇಲೆ, 1999ರ ಮೇ 1ರಂದು, ಕಾನ್ರಾಡ್ ಆಂಕರ್ ಎಂಬ ಅಮೆರಿಕನ್ ಆರೋಹಿಯು 26,700 ಅಡಿಗೂ ಮೇಲೆ ಬಿಸಿಲಿಗೆ ಬೆಳ್ಳಗಾದ ದೇಹವೊಂದನ್ನು ಕಂಡನು. ಅದು ಅರ್ವಿನ್ನನದೇ ಇರಬೇಕೆಂದು ತಂಡದವರು ಮೊದಲು ಭಾವಿಸಿದರು. ಅಂಗಿಯ ಕೊರಳಪಟ್ಟಿಯನ್ನು ತಿರುಗಿಸಿ ನೋಡಿದಾಗ ಅಲ್ಲಿ ಹೊಲಿದಿದ್ದ ಚೀಟಿಯಲ್ಲಿ ಮ್ಯಾಲರಿಯ ಹೆಸರಿತ್ತು. ಹಿಮಗನ್ನಡಕ ಕಣ್ಣಿಗಿರದೆ ಜೇಬಿನಲ್ಲಿತ್ತು. ಕೆಲವೇ ದಿನ ಮುಂಚೆ ಗನ್ನಡಕ ತೆಗೆದು ನಡೆದ ನಾರ್ಟನ್ ಹಿಮದ ಬೆಳಕಿಗೆ ಕುರುಡನಾಗಿ ನರಳಿದ್ದನ್ನು ಮ್ಯಾಲರಿ ಬಲ್ಲವನೇ. ಆದುದರಿಂದ ಕತ್ತಲಾದ ಮೇಲೆ ಇಳಿಯುತ್ತಿದ್ದಾಗ ಬಿದ್ದಿರಬೇಕೆಂದು ಅನೇಕರ ಊಹೆ.

ಅವನ ಮೈಮೇಲೆ ಉಳಿದಿದ್ದ ರೇಷ್ಮೆ, ಹತ್ತಿ, ಉಣ್ಣೆ, ಗ್ಯಾಬರ್ಡೀನ್ ತುಣುಕುಗಳನ್ನು ಇಂಗ್ಲೆಂಡಿನ ಸಂಶೋಧಕರು ಎಳೆಎಳೆಯಾಗಿ ಪರೀಕ್ಷಿಸಿ ಅದೇ ನೇಯ್ಗೆಯ ಪ್ರತಿಗಳನ್ನು ತಯಾರಿಸಿದರು. 2006ರಲ್ಲಿ ಗ್ರಹಾಂ ಹಾಯ್ಲೆಂಡ್ ಅವನ್ನು ಎವರೆಸ್ಟಿನ ಮಗ್ಗುಲಲ್ಲಿಯೇ ತೊಟ್ಟು ನೋಡಿದನು. ಫಲ ಎಲ್ಲರನ್ನೂ ಬೆರಗುಗೊಳಿಸಿತು. ಉಡುಪು ಹಗುರವಾಗಿತ್ತು. ರೇಷ್ಮೆಯ ಪದರ ಉಣ್ಣೆಯ ಮೇಲೆ ನುಣುಪಾಗಿ ಜಾರುತ್ತಿದ್ದುದರಿಂದ ಕೈಕಾಲು ಸಲೀಸಾಗಿ ಆಡುತ್ತಿದ್ದವು; ಬಿಗಿಯಾಗಿ ನೇಯ್ದ ಗ್ಯಾಬರ್ಡೀನು ಗಾಳಿಯನ್ನು ತಡೆಯುತ್ತಿತ್ತು. ಹವೆ ಒಳ್ಳೆಯದಿದ್ದು, ಮನುಷ್ಯ ನಡೆಯುತ್ತಲೇ ಇದ್ದರೆ ಶಿಖರದವರೆಗೆ ಹೋಗಿಬರಲು ಸಾಕು. ಆದರೆ ಕಾಲು ಮುರಿದು ಬಿದ್ದು ಒಂದು ರಾತ್ರಿಯನ್ನು ಬಯಲಲ್ಲಿ ಕಳೆಯಬೇಕಾಗಿ ಬಂದರೆ ಸಾಲದು. ನಡೆಯುವವನ ಉಡುಪು ಅದು, ನಿಂತವನದಲ್ಲ. ಫಿಂಚನ ಕೋಟು ನಿಂತವನದು.

ಈ ವ್ಯತ್ಯಾಸ ಎವರೆಸ್ಟಿಗೆ ಹೋಗದ ನಮಗೂ ಬೇಕಾದದ್ದೇ. ಈಗ ಕಾಲೇಜಿನ ಮಕ್ಕಳು ರಜೆಯಲ್ಲಿ ಹಿಮಾಚಲಕ್ಕೋ ಉತ್ತರಾಖಂಡಕ್ಕೋ ಚಾರಣಕ್ಕೆ ಹೊರಡುತ್ತಾರೆ. ಮನೆಯವರು ಒಂದು ದಪ್ಪ ಜಾಕೆಟ್ಟನ್ನು ಕೊಡಿಸಿ ನಿಶ್ಚಿಂತರಾಗುತ್ತಾರೆ; ಒಳಗೆ ಹತ್ತಿಯ ಬನಿಯನ್ನು, ಕೆಳಗೆ ಜೀನ್ಸು. ಜಾಕೆಟ್ ತೊಟ್ಟು ಏರಿದರೆ ಬೆವರು. ಬೆವರಿಗೆ ನೆನೆದ ಬನಿಯನ್ನು ನಿಂತೊಡನೆ ಹಿಮದ ಪಟ್ಟಿ. ನೀರು ಹೆಪ್ಪುಗಟ್ಟದಷ್ಟು ಚಳಿಯಲ್ಲಿಯೂ, ನೆನೆದ ಮೈಗೆ ಗಾಳಿ ಬಡಿದು ಜೀವಹೋದ ನಿದರ್ಶನಗಳಿವೆ. ಮೈಬಿಸಿ ತೀರ ಇಳಿದಾಗ ಕೆಲವರಿಗೆ ಕೊನೆಯ ಗಳಿಗೆಯಲ್ಲಿ ಸೆಕೆಯೆನಿಸಿ ಬಟ್ಟೆ ಕಿತ್ತೊಗೆಯುವ ಭ್ರಮೆಯೂ ಬರುತ್ತದೆ. ಏರುವಾಗ ತುಸು ಚಳಿಯೆನಿಸುವಷ್ಟೇ ತೊಡಬೇಕು, ನಿಂತೊಡನೆ ದಪ್ಪನೆಯದನ್ನು ಹಾಕಿಕೊಳ್ಳಬೇಕು, ಮಲಗುವ ಬಟ್ಟೆಯನ್ನೂ ಒಂದು ಜೊತೆ ಉಣ್ಣೆಯ ಕಾಲುಚೀಲವನ್ನೂ ನೀರು ಹೋಗದ ಚೀಲದಲ್ಲಿ ಕಟ್ಟಿಟ್ಟಿರಬೇಕು. ಜೀನ್ಸನ್ನು ಮನೆಯಲ್ಲಿಯೇ ಬಿಟ್ಟು ಹೋಗಲು ಹೇಳಿ. ಮಕ್ಕಳು ನಕ್ಕರೂ ಚಿಂತೆಯಿಲ್ಲ.

ಕಾಲುಚೀಲವೆಂದಾಗ ಅರ್ವಿನ್ನನ ಮಾತು ಉಳಿದುಹೋಯಿತು. ಶಿಖರಕ್ಕೆ ಹೊರಟಾಗ ಅವನಿಗೆ 22 ವರ್ಷ. ಆಕ್ಸ್‌ಫರ್ಡಿನ ವಿದ್ಯಾರ್ಥಿ, ಯಂತ್ರಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ನಿಪುಣ. ಮ್ಯಾಲರಿ ಸಿಕ್ಕಿದ ಮೇಲೂ ಕಾಲು ಶತಮಾನ ಅವನ ಸುಳಿವು ಸಿಗಲಿಲ್ಲ. 2024ರ ಸೆಪ್ಟೆಂಬರಿನಲ್ಲಿ, ಅವನು ಕಾಣೆಯಾಗಿ ನೂರು ವರ್ಷ ತುಂಬಿದಾಗ, ಪರ್ವತದ ಉತ್ತರ ಮುಖದ ಕೆಳಗಿನ ಹಿಮನದಿಯ ಮೇಲೆ ನಡೆಯುತ್ತಿದ್ದ ಚಿತ್ರತಂಡದವರಿಗೆ ಕರಗುತ್ತಿದ್ದ ಮಂಜುಗಡ್ಡೆಯಿಂದ ಮೊಳೆ ಹೊಡೆದ ಹಳೆಯ ಬೂಟೊಂದು ಹೊರಗೆ ಇಣುಕುವುದು ಕಂಡಿತು. ಅದರೊಳಗೆ ಪಾದವಿತ್ತು. ಪಾದದ ಮೇಲೆ ಉಣ್ಣೆಯ ಕಾಲುಚೀಲ. ಆ ಕಾಲುಚೀಲಕ್ಕೆ, ಅಗಸರಲ್ಲಿ ಬೇರೆಯವರ ಬಟ್ಟೆಯೊಡನೆ ಬೆರೆತುಹೋಗದಿರಲೆಂದು ಮನೆಗಳಲ್ಲಿ ಹಾಕುವಂಥ ಸಣ್ಣದೊಂದು ಪಟ್ಟಿ. ಪಟ್ಟಿಯ ಮೇಲೆ ಕೆಂಪು ದಾರದಲ್ಲಿ ‘ಎ. ಸಿ. ಅರ್ವಿನ್’ ಎಂಬ ಹೆಸರು ಅಷ್ಟು ವರ್ಷಗಳ ಮೇಲೂ ಓದಲು ಬರುವಂತಿತ್ತು.